ಬಟನ್ ಫೋನ್ ಒಯ್ದವರು ಮಂಗಳವಾರ ವಾಪಸ್

ಶುಕ್ರವಾರ ಬಟನ್ ಫೋನ್ ಒಯ್ದವರು ಮಂಗಳವಾರ ವಾಪಸ್ ಬರುತ್ತಾರೆ. ಕೊಪ್ಪಳದಲ್ಲಿ ಹತ್ತೊಂಬತ್ತು ವರ್ಷದಿಂದ ಮೊಬೈಲ್ ರಿಪೇರಿ ಮಾಡಿಕೊಂಡು ಕೂತವನಿಗೆ ಇದು ಪಂಚಾಂಗದಷ್ಟು ಖಚಿತವಾಗಿಬಿಟ್ಟಿದೆ. ಒಯ್ಯುವಾಗ ಅವರ ಮುಖದಲ್ಲಿ ಮಾಲೆ ಹಾಕಿಸಿಕೊಂಡವರ ಕಳೆ. "ಸಾಕಾತ್ರೀ ಈ ಟಚ್ ಫೋನ್ ಸಹವಾಸ. ರಾತ್ರಿ ಎರಡರ ತನಕ ರೀಲ್ಸ್ ನೋಡ್ಕೋತ ಕುಂದರ್ತೀನಿ. ಒಂದು ಸಾದಾ ಸೆಟ್ ಕೊಡ್ರಿ, ಇದನ್ನ ನೀವ ಇಟಗೊಳ್ರಿ." ಇದ್ದ ಫೋನನ್ನು ಸಿಕ್ಕ ಬೆಲೆಗೆ ನನ್ನ ಕೈಗೆ ಒಗೆದು, ಸಿಮ್ ಬಟನ್ ಫೋನಿಗೆ ಹಾಕಿಸಿಕೊಂಡು, ಎದೆ ಮುಂದೆ ಮಾಡಿ ಹೋಗುತ್ತಾರೆ. ಮಂಗಳವಾರ ಬಂದಾಗ ಅದೇ ಮುಖದಲ್ಲಿ ಉದ್ರಿ ಕೇಳಲು ಬಂದವರ ನಗು. "ಅದೂ... ನನ್ನ ಹಳೇ ಫೋನ್ ಮಾರಿಬಿಟ್ರೇನ್ರಿ?"

ಮಾರಿರುವುದಿಲ್ಲ. ಅವರು ಬರುತ್ತಾರೆಂದು ಗೊತ್ತಿದ್ದೇ ಒಂದು ವಾರ ಡ್ರಾದಲ್ಲಿ ಇಟ್ಟಿರುತ್ತೇನೆ.

ಸ್ಮಶಾನ ವೈರಾಗ್ಯ ಅನ್ನುತ್ತಾರಲ್ಲ, ಹಾಗೆ ಇದಕ್ಕೂ ಒಂದು ಸೀಸನ್ ಇದೆ. ಹೊಸ ವರ್ಷದ ಮೊದಲ ವಾರ ಒಂದಷ್ಟು ಜನ, ಗವಿಮಠದ ಜಾತ್ರೆ ಮುಗಿದ ಮೇಲೆ ಇನ್ನಷ್ಟು ಜನ, ಎಸ್ಸೆಸ್ಸೆಲ್ಸಿ ರಿಸಲ್ಟ್ ಬಂದ ಮರುದಿನವಂತೂ ಅಪ್ಪ-ಅಮ್ಮಂದಿರದೇ ಸಾಲು. ನಾನು ಇವರನ್ನು ಹಾಸ್ಯ ಮಾಡುತ್ತಿಲ್ಲ. ಬಂದ ಕಾರಣ ಎಲ್ಲರದೂ ಸರಿಯಾಗೇ ಇರುತ್ತದೆ. ನನಗೆ ಸಿಟ್ಟು ಬರುವುದು ಆಮೇಲಿನ ಮಾತಿಗೆ: "ನನ್ನ ಮನಸ್ಸ ಗಟ್ಟಿ ಇಲ್ಲ ಬಿಡ್ರಿ." ಅಯ್ಯೋ ಮಾರಾಯರೇ, ನಿಮ್ಮ ಮನಸ್ಸಿಗೆ ಏನೂ ಆಗಿಲ್ಲ. ನೀವು ಸಿಮ್ ತಪ್ಪು ಜಾಗದಲ್ಲಿ ಹಾಕಿದಿರಿ, ಅಷ್ಟೆ.

ದಿನಕ್ಕೊಮ್ಮೆಯಾದರೂ ಹೇಳಿ ನನ್ನ ಬಾಯಿ ಸವೆದಿರುವ ಮಾತು ಇದು: ಸಿಮ್ ಬೇರೆ, ಸೆಟ್ ಬೇರೆ, ಆ್ಯಪ್ ಬೇರೆ. ಗಿರಾಕಿಗಳ ತಲೆಯಲ್ಲಿ ಈ ಮೂರೂ ಕಲಸಿ ಒಂದೇ ಮುದ್ದೆಯಾಗಿವೆ. "ಬಟನ್ ಫೋನಿಗೆ ಓಟಿಪಿ ಬರಂಗಿಲ್ಲಲ್ರೀ" ಎಂದು ಓದಿದವರೂ ಕೇಳುತ್ತಾರೆ. ಬರುತ್ತದೆ. ಬ್ಯಾಂಕಿನ ಓಟಿಪಿ ಅಂದರೆ ಬರೀ ಒಂದು ಎಸ್ಸೆಮ್ಮೆಸ್. 2003ರಲ್ಲಿ ಬಂದ ಟಾರ್ಚಿನ ನೋಕಿಯಾ 1100 ನಿಮ್ಮ ಅಟ್ಟದ ಮೇಲೆ ಇನ್ನೂ ಜೀವ ಹಿಡಿದಿದ್ದರೆ, ಅದಕ್ಕೆ ಹೊಂದುವ ಸಿಮ್ ಹಾಕಿದರೆ, ಅದಕ್ಕೂ ಬರುತ್ತದೆ. "ಸಿಮ್ ತೆಗೆದ್ರ ವಾಟ್ಸಾಪ್ ಅಳಿಸಿ ಹೋಗತೈತಿ" ಅನ್ನುತ್ತಾರೆ. ಅಳಿಸುವುದಿಲ್ಲ. "ಸಿಮ್ ಎಲ್ಲಿ ಇರತೈತೋ ಫೋನ್‌ಪೇ ಅಲ್ಲಿ ನಡೀತೈತಿ" ಅನ್ನುತ್ತಾರೆ. ನಡೆಯುವುದಿಲ್ಲ.

ರೇಷನ್ ಅಂಗಡಿ ಲೆಕ್ಕದಲ್ಲಿ ಹೇಳುತ್ತೇನೆ, ನಮ್ಮ ಕಡೆ ಹಾಗೆ ಹೇಳಿದರೇ ಹತ್ತುವುದು. ಸಿಮ್ ಅಂದರೆ ರೇಷನ್ ಕಾರ್ಡ್. ಸೆಟ್ ಅಂದರೆ ಚೀಲ. ಅಂಗಡಿಯವನು ಚೀಲ ನೋಡಿ ಅಕ್ಕಿ ಅಳೆಯುವುದಿಲ್ಲ, ಕಾರ್ಡ್ ನೋಡಿ ಅಳೆಯುತ್ತಾನೆ. ಹರಿದ ಗೋಣಿಚೀಲ ಒಯ್ದರೂ ಅಷ್ಟೇ, ಹೊಸ ಬ್ಯಾಗ್ ಒಯ್ದರೂ ಅಷ್ಟೇ. ಓಟಿಪಿ ಹಾಗೆ, ಕಾರ್ಡಿನ ಹಿಂದೆ ಬರುತ್ತದೆ. ವಾಟ್ಸಾಪ್ ಎಂದರೆ ಒಮ್ಮೆ ಅಳೆದು ಚೀಲಕ್ಕೆ ಸುರಿದ ಅಕ್ಕಿ. ಕಾರ್ಡನ್ನು ಜೇಬಿನಲ್ಲಿಟ್ಟುಕೊಂಡು ನೀವು ಹೊಸಪೇಟೆಗೆ ಹೋದರೂ ಅಕ್ಕಿ ಮನೆಯ ಚೀಲದಲ್ಲೇ ಕೂತಿರುತ್ತದೆ. ಇನ್ನು ಫೋನ್‌ಪೇ, ಗೂಗಲ್ ಪೇ ಇವು ಹೆಬ್ಬೆಟ್ಟಿನ ವ್ಯವಹಾರ. ಕಾರ್ಡ್ ಇದ್ದರೆ ಸಾಲದು, ಕಾರ್ಡಿನವರೇ ಬಂದು ಬೆರಳು ಒತ್ತಬೇಕು. ನೀವು ಆ್ಯಪ್ ಶುರುಮಾಡಿದ ದಿನ ಆ ಫೋನಿನಿಂದಲೇ, ಆ ಸಿಮ್ಮಿನಿಂದಲೇ ಒಂದು ಮೆಸೇಜ್ ತಾನಾಗಿ ಹೋಗಿರುತ್ತದೆ. ಈ ಸಿಮ್ಮೂ ಈ ಸೆಟ್ಟೂ ಗಂಡ-ಹೆಂಡತಿ ಎಂದು ಅವತ್ತೇ ಬರೆದುಕೊಂಡಿರುತ್ತಾರೆ. ಜೋಡಿ ಬಿಡಿಸಿದರೆ ತಕರಾರು. ಕೆಲವು ಬ್ಯಾಂಕಿನ ಆ್ಯಪ್ ಸಿಮ್ ಕಾಣದಿದ್ದರೆ ಬಾಗಿಲನ್ನೇ ತೆರೆಯುವುದಿಲ್ಲ, ಕೆಲವು ಒಂದೆರಡು ದಿನ ಸುಮ್ಮನಿದ್ದು ಆಮೇಲೆ ಜಗಳ ತೆಗೆಯುತ್ತವೆ. ನಿಮ್ಮ ಬ್ಯಾಂಕಿನದು ಯಾವ ಜಾತಿಯೋ ನೋಡದೆ ನಾನು ಹೇಳಲಾರೆ.

ಇದನ್ನು ತಿಳಿಯದೆ ಹೋದವರಲ್ಲಿ ಗಂಗಾವತಿ ಕಡೆಯ ದಲಾಲಿ ಅಂಗಡಿ ಗುಮಾಸ್ತರೊಬ್ಬರು. ಭತ್ತದ ಸುಗ್ಗಿ ಹೊತ್ತಿನಲ್ಲೇ ಅವರಿಗೆ ಜ್ಞಾನೋದಯವಾಗಿತ್ತು. ಟಚ್ ಫೋನನ್ನು ಅಳಿಯನಿಗೆ ಕೊಟ್ಟರು, ಅವನು ಅದನ್ನು ಪೂರ್ತಿ ಅಳಿಸಿ ತನ್ನದು ಮಾಡಿಕೊಂಡ. ಮೂರನೇ ದಿನ ಹಮಾಲರಿಗೆ ಕೂಲಿ ಹಾಕಬೇಕು, ಲಾರಿಯವನಿಗೆ ಮುಂಗಡ ಕೊಡಬೇಕು, ಕೈಯಲ್ಲಿ ಬಟನ್ ಫೋನ್. ಓಡಿ ಬಂದು ಹೊಸ ಸ್ಮಾರ್ಟ್‌ಫೋನ್ ತೆಗೆದುಕೊಂಡರು. ಆ್ಯಪ್ ಹಾಕಿ ಎಲ್ಲ ಸರಿಮಾಡಿ ಕೊಟ್ಟೆ. ಆದರೆ ಹೊಸ ಸೆಟ್ಟಿನಲ್ಲಿ ಮೊದಲ 24 ತಾಸು ಐದು ಸಾವಿರದ ಮೇಲೆ ಹೋಗುವುದಿಲ್ಲ, ಅದು ಕಳ್ಳರಿಗಾಗಿ ಮಾಡಿದ ನಿಯಮ. ಗುಮಾಸ್ತರು ಲಾರಿ ಡ್ರೈವರಿಗೆ ಕೈಮುಗಿದು ಒಂದು ರಾತ್ರಿ ಗಂಗಾವತಿಯಲ್ಲೇ ಉಳಿಸಿಕೊಂಡರಂತೆ, ಊಟ ಹಾಕಿ. ಬಟನ್ ಫೋನಿನ ಹೆಸರೆತ್ತಿದರೆ ಅವರು ಈಗಲೂ ಉರಿದುಬೀಳುತ್ತಾರೆ.

ಇದಕ್ಕೆ ಉಲ್ಟಾ ತಪ್ಪೂ ಇದೆ. ಸಿಮ್ ತೆಗೆದೆ ಅಂದರೆ ಟಚ್ ಫೋನ್ ಸತ್ತಿತು ಎಂದು ತಿಳಿಯುವುದು. ಮನೆಯಲ್ಲಿ ವೈಫೈ ಇದ್ದರೆ, ಹೆಂಡತಿಯ ಫೋನಿನ ಹಾಟ್‌ಸ್ಪಾಟ್ ಇದ್ದರೆ, ಅದು ಮೊದಲಿಗಿಂತ ಚೆನ್ನಾಗಿ ಬದುಕಿರುತ್ತದೆ. ಕರೆ ಬಂದು ನಡುವೆ ಕೆಡಿಸುವುದೂ ಇಲ್ಲ! ಹಗಲೆಲ್ಲ ಬಟನ್ ಫೋನ್ ತೋರಿಸಿಕೊಂಡು ತಿರುಗಿ, ರಾತ್ರಿ ಹಾಸಿಗೆಯಲ್ಲಿ ಸಿಮ್ ಇಲ್ಲದ ಫೋನ್ ಹಿಡಿದು ಮಲಗುವವರು ನನಗೆ ಗೊತ್ತು. ಹೆಸರು ಹೇಳುವುದಿಲ್ಲ, ಈ ಅಂಕಣ ಓದುತ್ತಿರಬಹುದು.

ಹಾಗಾದರೆ ಏನು ಮಾಡಬೇಕು? ನಾನು ಹೇಳುವ ದಾರಿ ಜನರಿಗೆ ರುಚಿಸುವುದಿಲ್ಲ, ಯಾಕೆಂದರೆ ಅದರಲ್ಲಿ ತ್ಯಾಗ ಮಾಡಿದ ಖುಷಿ ಇಲ್ಲ. ಹಳೆಯ ಫೋನ್ ಮಾರಬೇಡಿ. ಅದರ ಸಿಮ್ ಮುಟ್ಟಬೇಡಿ. ಇನ್ನೊಂದು ಸಿಮ್ ತೆಗೆದುಕೊಂಡು ಬಟನ್ ಫೋನಿಗೆ ಹಾಕಿ, ಆ ನಂಬರನ್ನು ಹತ್ತು-ಹನ್ನೆರಡು ಜನಕ್ಕೆ ಮಾತ್ರ ಕೊಡಿ. ಟಚ್ ಫೋನು ಹಿಂದೆ ಪಡಸಾಲೆಯ ಮೂಲೆಯಲ್ಲಿ ಕ್ರೋಶಾ ಬಟ್ಟೆ ಹೊದ್ದು ಕೂತಿರುತ್ತಿದ್ದ ಲ್ಯಾಂಡ್‌ಲೈನಿನ ಹಾಗೆ ಮನೆಯಲ್ಲಿರಲಿ. ಚಾರ್ಜರಿಗೆ ಸಿಕ್ಕಿಸಿ ಒಂದೇ ಜಾಗದಲ್ಲಿ. ಹಣ ಹಾಕಬೇಕೆ, ಎದ್ದು ಹೋಗಿ ನಿಂತುಕೊಂಡು ಹಾಕಿ. ನಿಂತು ರೀಲ್ಸ್ ನೋಡುವುದು ಬಹಳ ಹೊತ್ತು ಆಗುವುದಿಲ್ಲ, ಮೊಣಕಾಲು ನೋಯುತ್ತದೆ.

ಮುಖ್ಯ ಸಿಮ್ಮನ್ನೇ ಬಟನ್ ಫೋನಿಗೆ ಹಾಕಿ, ವಾಟ್ಸಾಪನ್ನು ಮನೆಯ ವೈಫೈ ಮೇಲೆ ನಡೆಸುವ ದಾರಿಯೂ ಇತ್ತು, ನಾನೇ ಎಷ್ಟೋ ಜನಕ್ಕೆ ಮಾಡಿಕೊಟ್ಟಿದ್ದೇನೆ. ಆದರೆ 2025ರ ನವೆಂಬರಿನಲ್ಲಿ ದೂರಸಂಪರ್ಕ ಇಲಾಖೆಯು ಇಂಥ ಆ್ಯಪ್‌ಗಳು ಸಿಮ್ ಇರುವ ಫೋನಿನಲ್ಲಷ್ಟೇ ನಡೆಯುವಂತೆ ಮಾಡಿ ಎಂದು ಕಂಪನಿಗಳಿಗೆ ಸೂಚನೆ ಕೊಟ್ಟಿದೆ. ಇಂಥ ನಿಯಮ ಬಂದಾಗ ಮೊದಲು ಒದ್ದಾಡುವವರು ಅಡ್ಡದಾರಿ ಹಿಡಿದವರೇ. ಅದಕ್ಕೇ ಎರಡನೇ ಸಿಮ್ಮಿನ ಖರ್ಚು ನುಂಗಿಕೊಳ್ಳಿ ಎನ್ನುತ್ತೇನೆ.

ಅಂಗಡಿ ಇಟ್ಟವರದು ಇನ್ನೊಂದು ಹಾಡು: "ದುಡ್ಡು ಬಂತೋ ಇಲ್ಲೋ ನೋಡಾಕ ಫೋನ್ ಬೇಕಲ್ರೀ." ನಮ್ಮ ಬೀದಿಯ ಮಿರ್ಚಿ-ಮಂಡಕ್ಕಿ ಗಾಡಿಯ ಯಕ್ಕ ಹೀಗೇ ಅನ್ನುತ್ತಿದ್ದಳು. ಒಂದು ಕೈಯಲ್ಲಿ ಜಾಲರಿ ಚಮಚ, ಇನ್ನೊಂದರಲ್ಲಿ ಫೋನ್, ಎಣ್ಣೆಯಲ್ಲಿ ಬಿದ್ದು ನನ್ನ ಹತ್ತಿರ ಎರಡು ಸಲ ಬಂದಿದೆ ಅದು. "ಯಕ್ಕಾ, ದುಡ್ಡು ಬಂತು ಅಂತ ಆ ಡಬ್ಬಿ ಒದರತೈತಲ್ಲ, ಅದರೊಳಗ ಅದರದೇ ಸಿಮ್ ಐತಿ. ನಿನ್ನ ಫೋನ್ ಮನ್ಯಾಗ ಇದ್ರೂ ಅದು ಒದರತೈತಿ" ಎಂದರೆ ನಂಬಲಿಲ್ಲ. ಫೋನ್ ಬಂದ್ ಮಾಡಿಸಿ, ನಾನೇ ಇಪ್ಪತ್ತು ರೂಪಾಯಿ ಹಾಕಿ ತೋರಿಸಿದೆ. ಡಬ್ಬಿ ಕೂಗಿತು. ಆ ಇಪ್ಪತ್ತಕ್ಕೆ ಮಿರ್ಚಿ ಕಟ್ಟಿಕೊಟ್ಟಳು, ಬೇಡ ಅನ್ನಲಿಲ್ಲ ನಾನು.

ಬಟನ್ ಫೋನಿನಿಂದಲೇ ಹಣ ಕಳಿಸಲು ಬರುವುದಿಲ್ಲ ಎಂದೇನಿಲ್ಲ. *99# ಎಂದು ಒತ್ತಿದರೆ ಇಂಟರ್ನೆಟ್ ಇಲ್ಲದೆ ಐದು ಸಾವಿರದವರೆಗೆ ಹೋಗುತ್ತದೆ, 2022ರ ಮಾರ್ಚಿನಲ್ಲಿ ರಿಸರ್ವ್ ಬ್ಯಾಂಕು ಸಾದಾ ಫೋನಿನವರಿಗೆಂದೇ ಯುಪಿಐ 123ಪೇ ತಂದಿತು. ಆದರೆ ಎಲ್ಲ ಸಿಮ್ಮಿನಲ್ಲೂ ಒಂದೇ ರೀತಿ ನಡೆಯುವುದಿಲ್ಲ, ಅಂಗಡಿಯಲ್ಲಿ ನಿಂತೇ ಒಮ್ಮೆ ಹತ್ತು ರೂಪಾಯಿ ಕಳಿಸಿ ನೋಡಿ ಮನೆಗೆ ಹೋಗಿ. "ಬಟನ್ ಫೋನಿನ್ಯಾಗ ವಾಟ್ಸಾಪ್ ಬೇಕು" ಎಂದು ಬರುವವರಿಗೆ ನಾನು ಉತ್ತರವನ್ನೇ ಕೊಡುವುದಿಲ್ಲ. ಜಿಯೋಫೋನಿನಂಥ ಬಟನ್ ಸೆಟ್‌ಗಳಿಗೆ ವಾಟ್ಸಾಪ್ 2018ರಲ್ಲಿ ಬಂದಿತ್ತು, 2024ರಲ್ಲಿ ಹೊಸದಾಗಿ ಹಾಕಿಕೊಳ್ಳುವುದು ನಿಂತುಹೋಯಿತು. ಅಲ್ಲದೆ, ಹೆಂಡ ಬಿಡುತ್ತೇನೆಂದು ಬಂದವರು ಸಣ್ಣ ಬಾಟಲಿ ಐತೇನು ಎಂದು ಕೇಳಿದರೆ ಏನು ಹೇಳುವುದು.

ಸೆಟ್ ಕೊಳ್ಳುವಾಗಿನ ಪೇಚು ಕೆಲವಿವೆ. 2016ರಲ್ಲಿ ಬಂದ ಜಿಯೋಗೆ 2ಜಿಯೇ ಇಲ್ಲ, ಅದಕ್ಕೆ 4ಜಿ ವೋಲ್ಟೆ, ಅಂದರೆ 4ಜಿ ಮೇಲೆಯೇ ಕರೆ ಮಾಡುವ ಸೌಲಭ್ಯ, ಇರುವ ಬಟನ್ ಸೆಟ್ಟೇ ಬೇಕು. ಸಂತೆಯಲ್ಲಿ ಅಗ್ಗಕ್ಕೆ ಸಿಕ್ಕಿತೆಂದು 2ಜಿ ಸೆಟ್ ತಂದು "ಸಿಗ್ನಲ್ ಬರವಲ್ದು, ಬ್ಯಾಟರಿ ನೋಡ್ರಿ" ಅನ್ನುತ್ತಾರೆ. ನ್ಯಾನೋ ಸಿಮ್ಮಿಗೆ ಅಡಾಪ್ಟರ್ ಹಾಕುವಾಗ ಸಿಮ್ ಇಲ್ಲದೆ ಬರೀ ಚೌಕಟ್ಟು ತುರುಕಬೇಡಿ, ಎಳೆಯುವಾಗ ಒಳಗಿನ ಪಿನ್ನು ಎದ್ದು ಬರುತ್ತದೆ, ಆಮೇಲೆ ಭೂತಗನ್ನಡಿ ಹಿಡಿದು ನಾನು ಕೂರಬೇಕು. ಹೆಸರು-ನಂಬರುಗಳು ಸಿಮ್ಮಿನಲ್ಲಿರುತ್ತವೆ ಎಂದು ನಂಬಿ ಬರುತ್ತೀರಿ, ಈಗ ಅವು ಗೂಗಲ್ ಖಾತೆಯಲ್ಲಿರುತ್ತವೆ. ಸಿಮ್ಮಿಗೆ ಹಿಡಿಸುವುದೇ ಸುಮಾರು 250. ಇನ್ನೊಂದು, ಇದನ್ನು ಬರೆದಿಟ್ಟುಕೊಳ್ಳಿ: ಅಗ್ಗದ ಸೆಟ್‌ಗಳಲ್ಲಿ ಮೆಸೇಜ್ ಡಬ್ಬಿ ಬೇಗ ತುಂಬುತ್ತದೆ. ತುಂಬಿದ ಮೇಲೆ ಹೊಸದು ಒಳಗೆ ಬರುವುದಿಲ್ಲ. ಲೋನ್ ಬೇಕಾ ಎಂಬ ಜಾಹೀರಾತುಗಳೆಲ್ಲ ಒಳಗೆ ಕೂತು, ಬ್ಯಾಂಕಿನ ಓಟಿಪಿ ಬಾಗಿಲಲ್ಲಿ ನಿಂತಿರುತ್ತದೆ. ವಾರಕ್ಕೊಮ್ಮೆ ಅಳಿಸಿ.

ಮಕ್ಕಳ ವಿಷಯ ಬೇರೆ, ಅದರಲ್ಲಿ ನಾನು ಕೈ ಹಾಕಲು ಹೆದರುತ್ತೇನೆ. ಕುಕನೂರು ಕಡೆಯ ತಾಯಿಯೊಬ್ಬಳು ಹತ್ತನೇ ಕ್ಲಾಸಿನ ಮಗನನ್ನು ರಟ್ಟೆ ಹಿಡಿದು ತಂದಳು. "ಅಣ್ಣಾರ, ಇವಂಗ ಬಟನ್ ಫೋನ್ ಕೊಡ್ರಿ, ದೊಡ್ಡದು ಕಸಗೊಳ್ರಿ." ಹುಡುಗ ನೆಲ ನೋಡುತ್ತಿದ್ದ. ಹಿಂದೆ ಸ್ಟೂಲಿನ ಮೇಲೆ ಅವನ ಅಪ್ಪ ಪೂರ್ತಿ ದನಿ ಇಟ್ಟು ಜೆಸಿಬಿ ವಿಡಿಯೋ ನೋಡುತ್ತಿದ್ದ. ನಾನು ಎರಡು ಬಟನ್ ಸೆಟ್ ತೆಗೆದು ಟೇಬಲ್ ಮೇಲಿಟ್ಟೆ. "ಎರಡ್ಯಾಕ್ರಿ?" ಎಂದ ಅಪ್ಪ. ಹುಡುಗ ಮೊದಲ ಸಲ ತಲೆ ಎತ್ತಿದ. ವ್ಯಾಪಾರ ಆಗಲಿಲ್ಲ ಅವತ್ತು, ಮೂವರೂ ಎದ್ದು ಹೋದರು. ಆದರೆ ಫೋನ್ ಕಸಿದರೆ ಅಮ್ಮನ ಮೇಲೆ ಕೈ ಮಾಡುವ, ಊಟ ಬಿಡುವ ಮಕ್ಕಳನ್ನು ನನ್ನ ಹತ್ತಿರ ಕರೆತರಬೇಡಿ, ಅದು ರಿಪೇರಿ ಅಂಗಡಿಯ ಕೆಲಸವಲ್ಲ. ಸರಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ, ಯಾವ ಹೊತ್ತಿನಲ್ಲೂ ಎತ್ತುತ್ತಾರೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದ ಈ ಚಟಕ್ಕೆಂದೇ ಒಂದು ಕ್ಲಿನಿಕ್ ಇದೆ.

ನಾನೇನು ಸಾಚಾ ಅಲ್ಲ. 2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟ್ ಕೊಚ್ಚಿಹೋಯಿತಲ್ಲ, ಆಮೇಲಿನ ವಾರವೆಲ್ಲ ನನ್ನ ಕೈ ಕೆಲಸಕ್ಕೆ ಬರಲಿಲ್ಲ. ಅದೇ ನೀರು, ಅದೇ ಗೇಟು, ನೂರು ವಿಡಿಯೋ. ಡ್ಯಾಮ್ ಇಲ್ಲಿಂದ ಬೈಕಿನಲ್ಲಿ ಅರ್ಧ ತಾಸಿನ ದಾರಿ, ಹೋಗಿ ನೋಡಲಿಲ್ಲ, ಫೋನಿನಲ್ಲೇ ನೋಡಿದೆ. ಗಿರಾಕಿಯೊಬ್ಬರ ಡಿಸ್‌ಪ್ಲೇ ಉಲ್ಟಾ ಅಂಟಿಸಿದ್ದೂ ಆ ವಾರವೇ. ಆವತ್ತಿನಿಂದ ಅಂಗಡಿ ಮುಚ್ಚಿದ ಮೇಲೆ ನನ್ನ ಟಚ್ ಫೋನ್ ಅಂಗಡಿಯಲ್ಲೇ ಮಲಗುತ್ತದೆ, ಮನೆಗೆ ಬಟನ್ ಫೋನ್ ಬರುತ್ತದೆ.

ಈ ದಾರಿಯನ್ನು ಹೇಳಿದ ಹಾಗೇ ಹಿಡಿದವರು ನಮ್ಮ ಓಣಿಯ ನಿವೃತ್ತ ಮಾಸ್ತರು. ಟಚ್ ಫೋನ್ ದೇವರ ಕೋಣೆಯ ಪಕ್ಕದ ಗೂಡಿನಲ್ಲಿ, ರವಿವಾರ ಬೆಂಗಳೂರಿನ ಮೊಮ್ಮಗನ ವಿಡಿಯೋ ಕಾಲಿಗೆ ಮಾತ್ರ ಇಳಿಯುತ್ತದೆ. ಎರಡು ವರ್ಷವಾಯಿತು, ಒಂದು ಮಂಗಳವಾರವೂ ಬರಲಿಲ್ಲ. ಹೋದ ವಾರ ಬಂದರು.

"ತಮ್ಮಾ, ಗುಂಡಿ ಒತ್ತಿದ್ರ ಒತ್ತವಲ್ವು, ನೋಡು."

ನೋಡಿದೆ. ಒಂದು, ಮೂರು, ಐದು ಎಲ್ಲ ಹೊಸದರಂತಿವೆ. ಎರಡು, ನಾಲ್ಕು, ಆರು, ಎಂಟು ಈ ನಾಲ್ಕರ ಅಂಕೆ ಪೂರ್ತಿ ಅಳಿಸಿ, ರಬ್ಬರ್ ನುಣ್ಣಗೆ ಹೊಳೆಯುತ್ತಿದೆ. ಮೇಲೆ, ಎಡಕ್ಕೆ, ಬಲಕ್ಕೆ, ಕೆಳಗೆ. ಹಾವಿನ ಆಟದ ನಾಲ್ಕು ಗುಂಡಿ.

"ಮೊಮ್ಮಗ ಆಡತಾನ" ಎಂದರು ಮಾಸ್ತರು, ನಾನು ಏನೂ ಕೇಳುವ ಮೊದಲೇ.

ಕೀಪ್ಯಾಡ್ ಬದಲಿಸಿ ಕೊಟ್ಟೆ.