ಹಾಟ್‌ಏರ್ ರಿಪೋರ್ಟ್ ಹಿಡಿದು ಬಂದ ಮಗ

ಈ ಮಳೆಗಾಲದ ಶುರುವಿನಲ್ಲಿ ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರರೊಬ್ಬರ ಮೆದುಳಿನ ಗಡ್ಡೆ ತೆಗೆದೆ. ಬಯಾಪ್ಸಿಯಲ್ಲಿ ಗ್ಲಿಯೋಬ್ಲಾಸ್ಟೋಮಾ, ಅಂದರೆ ಬೇಗ ಬೆಳೆಯುವ ಮೆದುಳಿನ ಕ್ಯಾನ್ಸರ್, ಎಂದು ಬಂತು. ಹತ್ತನೇ ದಿನ ಹೊಲಿಗೆ ಬಿಚ್ಚಿ, ಮುಂದಿನ ವಾರ ಬನ್ನಿ, ಕರೆಂಟ್ (ರೇಡಿಯೇಷನ್) ಕೊಡಿಸೋಕೆ ದಿನ ಗೊತ್ತು ಮಾಡೋಣ ಎಂದು ಕಳಿಸಿದ್ದೆ. ಬರಲೇ ಇಲ್ಲ. ಐದು ವಾರ ಕಳೆದ ಮೇಲೆ ಬೆಂಗಳೂರಿನ ಮಗ ಅಪ್ಪನನ್ನು ಕರೆದುಕೊಂಡು ಬಂದ. ಕೈಯಲ್ಲಿ ಎಲ್ಲೋ ದುಡ್ಡು ಸುರಿದು ಮಾಡಿಸಿದ ಬಣ್ಣದ ರಿಪೋರ್ಟ್.

"ಡಾಕ್ಟ್ರೇ, ಅಪ್ಪಯ್ಯಂಗೆ ಹಾಟ್‌ಏರ್ ಜಾಸ್ತಿ ಇದೆಯಂತೆ. ಅದಕ್ಕೇ ಔಷಧಿ ಸಿಗುತ್ತಾ ಅಂತ ಹುಡುಕ್ತಾ ಇದ್ವಿ."

ಹಾಟ್‌ಏರ್ ಅನ್ನೋದು ಒಂದು ಆರ್‌ಎನ್‌ಎ ಹೆಸರು. 2007ರಲ್ಲಿ ಅದನ್ನು ವರದಿ ಮಾಡಿದರು. ನಮ್ಮ ಡಿಎನ್‌ಎಯಲ್ಲಿ ಪ್ರೋಟೀನ್‌ಗೆ ಸೂಚನೆ ಬರೆದ ಭಾಗ ನೂರಕ್ಕೆ ಹೆಚ್ಚೆಂದರೆ ಎರಡು. ಉಳಿದದ್ದರಲ್ಲಿ ಬಹಳಷ್ಟು ಆರ್‌ಎನ್‌ಎ ಆಗಿ ನಕಲಾಗುತ್ತದೆ, ಆದರೆ ಪ್ರೋಟೀನ್ ಆಗುವುದಿಲ್ಲ. ಅಂಥದ್ದು 200 ಅಕ್ಷರಕ್ಕಿಂತ ಉದ್ದವಿದ್ದರೆ ಲಾಂಗ್ ನಾನ್‌ಕೋಡಿಂಗ್ ಆರ್‌ಎನ್‌ಎ. ಕಾಫಿ ತೋಟದ ರೈಟರ್ ಇದ್ದ ಹಾಗೆ: ತಾನು ಒಂದು ಹಣ್ಣೂ ಕೀಳುವುದಿಲ್ಲ, ಯಾರು ಯಾವ ಸಾಲಿಗೆ ಅಂತ ಹೇಳುತ್ತದೆ. ಹಾಟ್‌ಏರ್ ಮಾಡುವುದೂ ಹೆಚ್ಚುಕಡಿಮೆ ಅದೇ. ಪಿಆರ್‌ಸಿ2 ಎಂಬ ಪ್ರೋಟೀನ್ ಗುಂಪಿನ ಜೊತೆ ಸೇರಿ ಕೆಲವು ಜೀನ್‌ಗಳ ಬಾಯಿ ಮುಚ್ಚಿಸುತ್ತದೆ.

ಗ್ಲಿಯೋಬ್ಲಾಸ್ಟೋಮಾದಲ್ಲಿ ಇದು ಜಾಸ್ತಿ ಇರುತ್ತದೆ, ನಿಜ. ಎಂಇಜಿ3 ಎಂಬ ಇನ್ನೊಂದು ಕಡಿಮೆಯಾಗಿರುತ್ತದೆ. ನಾನು ತಲೆ ಚಚ್ಚಿಕೊಳ್ಳುವುದು ಇದರ ಮುಂದಿನ ಮಾತಿಗೆ. ಜಾಸ್ತಿ ಇದೆ ಅಂದ ಕೂಡಲೇ ಎಲ್ಲರೂ ಅದೇ ಕಾರಣ, ಅದಕ್ಕೇ ಔಷಧಿ ಅಂದುಕೊಳ್ಳುತ್ತಾರೆ. ಕೊಳೆರೋಗ ಬಂದು ಉದುರಿದ ಅಡಿಕೆಯ ಮೇಲೆ ನೊಣ ಕೂತಿರುತ್ತದೆ. ನೊಣದಿಂದ ಕೊಳೆ ಬಂತು ಅಂತೀರಾ? ಮಗನಿಗೆ ಹೀಗೆ ಹೇಳುತ್ತಿದ್ದರೆ, ಅಲ್ಲಿವರೆಗೆ ಸುಮ್ನೆ ಕೂತಿದ್ದ ಅಪ್ಪ ಬಾಯಿ ಹಾಕಿದರು. "ಮಳೆ ಹನಿ ಸಿಡಿದು ಹರಡುತ್ತಲ್ಲ ಮಾರಾಯ್ರೆ, ಅದನ್ನೆಂತಕ್ಕೆ ಬಿಟ್ರಿ?"

ಹೌದು, ಬಿಟ್ಟಿದ್ದೆ. ಗಡ್ಡೆಯಲ್ಲಿ ಸಿಗುವ ಈ ಆರ್‌ಎನ್‌ಎಗಳಲ್ಲಿ ಕೆಲವು ನೊಣ, ಕೆಲವು ಮಳೆ ಹನಿ. ಹಾಟ್‌ಏರ್ ಎರಡನೆಯ ಗುಂಪಿನದಿರಬಹುದು. ಲ್ಯಾಬಿನಲ್ಲಿ ಅದನ್ನು ತಗ್ಗಿಸಿದಾಗ ಗಡ್ಡೆಯ ಕೋಶಗಳು ಬೆಳೆಯುವ ವೇಗ ಇಳಿದಿದೆ. ಇರಬಹುದು ಅಂತಲೇ ಹೇಳುತ್ತೇನೆ. ಯಾಕೆಂದರೆ ಇದೇ ಜಾತಿಯ ಇನ್ನೊಂದು ಆರ್‌ಎನ್‌ಎ ಮಲಾಟ್1 ಕಥೆ ನೋಡಿ. ಅದನ್ನು 2003ರಲ್ಲಿ ಶ್ವಾಸಕೋಶದ ಕ್ಯಾನ್ಸರ್‌ನಲ್ಲಿ ಗುರುತಿಸಿದರು. ಮೆದುಳಿನ ಗಡ್ಡೆಯಲ್ಲಿ ಒಬ್ಬರು ಅದು ಗಡ್ಡೆ ಬೆಳೆಸುತ್ತದೆ ಅಂತಾರೆ, ಇನ್ನೊಬ್ಬರು ತಡೆಯುತ್ತದೆ ಅಂತಾರೆ. ಅದಿಲ್ಲದೆ ಹುಟ್ಟಿಸಿದ ಇಲಿಗಳು ಆರಾಮಾಗಿ ಓಡಾಡಿಕೊಂಡಿದ್ದವು.

ಇವುಗಳಿಂದ ಉಪಯೋಗವೇ ಇಲ್ಲ ಅಂತಲ್ಲ. ಇಂಥದ್ದೇ ಆರ್‌ಎನ್‌ಎಯಾದ ಪಿಸಿಎ3 ಅನ್ನು ಮೂತ್ರದಲ್ಲಿ ಅಳೆಯುವ ಪ್ರಾಸ್ಟೇಟ್ ಪರೀಕ್ಷೆಗೆ ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರಲ್ಲಿ ಒಪ್ಪಿಗೆ ಕೊಟ್ಟಿದೆ. ಮೆದುಳಿನ ಗಡ್ಡೆಗೆ ಆ ಮಟ್ಟ ಇನ್ನೂ ಬಂದಿಲ್ಲ. ಹಾಟ್‌ಏರ್ ಎಷ್ಟಿದ್ದರೂ ನಾನು ಬರೆಯುವ ಚೀಟಿ ಬದಲಾಗುವುದಿಲ್ಲ. ನಮಗೆ ಬೇಕಾದ್ದು ಎರಡು ಜೀನ್‌ಗಳ ಪರೀಕ್ಷೆ: ಗಡ್ಡೆಯ ಜಾತಿ ಹೇಳುವ ಐಡಿಎಚ್ ಮತ್ತು ಮಾತ್ರೆ ಎಷ್ಟು ಕೆಲಸ ಮಾಡೀತು ಅಂತ ಹೇಳುವ ಎಂಜಿಎಂಟಿ. ಎರಡನ್ನೂ ಬಯಾಪ್ಸಿಯ ಚೂರನ್ನು ಮೇಣದಲ್ಲಿ ಹುದುಗಿಸಿಟ್ಟ ಬ್ಲಾಕಿನಿಂದಲೇ ನೋಡುತ್ತಾರೆ. ಆ ಬ್ಲಾಕ್ ಎಲ್ಲಿ ಅಂದರೆ ಮಗ ಕಾರಿಗೆ ಓಡಿದ. ಅದು ಡ್ಯಾಶ್‌ಬೋರ್ಡ್ ಮೇಲೆ ಬಿದ್ದಿತ್ತು, ಅಡಿಕೆ ಮಂಡಿಯ ಚೀಟಿಗಳ ಕೆಳಗೆ. ಪುಣ್ಯಕ್ಕೆ ಮಳೆಗಾಲ, ಮೇಣ ಕರಗಿರಲಿಲ್ಲ.

ನಾವು ಮಕ್ಕಳೂ ಟೆಸ್ಟ್ ಮಾಡಿಸಬೇಕಾ ಅಂತ ಕೇಳಿದ. ಬೇಡಪ್ಪ. ಈ ಗಡ್ಡೆ ಬಹುಪಾಲು ವಂಶದಲ್ಲಿ ಬರುವುದಲ್ಲ. ಹಾಗಾದರೆ ಆರ್‌ಎನ್‌ಎ ಅಂದರೆ ಕೋವಿಡ್ ಲಸಿಕೆಯದ್ದಾ? ಅದೂ ಅಲ್ಲ. ಅಪ್ಪಯ್ಯ ತಗೊಂಡಿದ್ದು ಕೋವಿಶೀಲ್ಡ್. ಅದಾಗಲಿ ಕೋವ್ಯಾಕ್ಸಿನ್ ಆಗಲಿ ಎಂಆರ್‌ಎನ್‌ಎ ಲಸಿಕೆಯೇ ಅಲ್ಲ. ಈ ಆರ್‌ಎನ್‌ಎ ಹೊರಗಿಂದ ಬಂದದ್ದಲ್ಲ. ಕೋಶ ತಾನೇ ಮಾಡಿಕೊಳ್ಳುವಂಥದ್ದು.

ಅಷ್ಟರಲ್ಲಿ ಆಪರೇಷನ್ ಆಗಿ ಏಳನೇ ವಾರ ದಾಟುತ್ತಿತ್ತು. ಸಾಮಾನ್ಯವಾಗಿ ಆರು ವಾರದೊಳಗೆ ಕರೆಂಟ್ ಶುರುವಾಗಲಿ ಅಂತ ನೋಡುತ್ತೇವೆ. ಹೊಸ ಎಂಆರ್‌ಐಯಲ್ಲಿ, ತೆಗೆದ ಜಾಗದ ಅಂಚಿನಲ್ಲಿ ಒಂದು ಬಿಳಿ ಗೆರೆ ಕಾಣಿಸಿತು. ಬೇಗ ಬಂದಿದ್ದರೆ ಅದು ಇರುತ್ತಿರಲಿಲ್ಲ ಅಂತ ನಾನು ಹೇಳಲಾರೆ. ಮಗನೂ ಕೇಳಲಿಲ್ಲ. ಅಪ್ಪ ಮಾತ್ರ, "ಕೊಳೆಗೆ ಬೋರ್ಡೋ ಹೊಡೆಯೋದು ತಡ ಆಯ್ತು" ಅಂದರು.

ನಮ್ಮ ಹಳೇ ಔಷಧಿಯ ಲೆಕ್ಕವನ್ನೂ ಮುಚ್ಚಿಡದೆ ಹೇಳಿದೆ. 2005ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯಲ್ಲಿ ಬರೀ ಕರೆಂಟ್ ಪಡೆದವರಲ್ಲಿ ಅರ್ಧ ಜನ 12.1 ತಿಂಗಳು ದಾಟಿದರು. ಜೊತೆಗೆ ಟೆಮೋಝೋಲೋಮೈಡ್ ಮಾತ್ರೆ ನುಂಗಿದವರಲ್ಲಿ ಅದು 14.6 ತಿಂಗಳು. ಇಷ್ಟೇನಾ ಅನ್ನಿಸುತ್ತದೆ, ಅಲ್ವಾ? ಆದರೆ ಎರಡು ವರ್ಷ ದಾಟಿದವರು ನೂರಕ್ಕೆ ಸುಮಾರು 10 ಇದ್ದದ್ದು 26ಕ್ಕೆ ಏರಿತ್ತು. ಆ ಹದಿನಾರು ಜನರಲ್ಲಿ ನಿಮ್ಮವರೂ ಇರಬಹುದು, ಇಲ್ಲದೆಯೂ ಇರಬಹುದು. ಮನೆಯಲ್ಲಿ ಕೂತರೆ ಆ ಸಾಲಿನಲ್ಲಿ ನಿಲ್ಲುವುದಕ್ಕೂ ಆಗುವುದಿಲ್ಲ.

ಕರೆಂಟಿಗೆ ಮೊದಲು ಮುಖಕ್ಕೆ ಮಾಸ್ಕ್ ಮಾಡುತ್ತಾರೆ. ಪ್ಲಾಸ್ಟಿಕ್ ಜಾಲರಿಯನ್ನು ಬಿಸಿನೀರಲ್ಲಿ ಮೆತ್ತಗೆ ಮಾಡಿ ಮುಖದ ಮೇಲೆ ಒತ್ತಿ ಕೂರಿಸುತ್ತಾರೆ. ತಣ್ಣಗಾದರೆ ಗಟ್ಟಿ. ಇದಕ್ಕೆ ಹೆದರುವವರು ಬಹಳ. ಇವರು ನಕ್ಕರಂತೆ. ಹಾಳೆಟೊಪ್ಪಿಯನ್ನೂ ಹೀಗೇ ನೆನೆಸಿ ಮಾಡೋದು, ಇದನ್ನು ಮುಖಕ್ಕೆ ಹಾಕ್ತಾರೆ ಅಷ್ಟೇ, ಅಂದರಂತೆ. ಕರೆಂಟಿನ 30 ಸರದಿಯಲ್ಲಿ 12 ಮುಗಿದಿದೆ. ಮಗ ಈಗಲೂ ವಾಟ್ಸಾಪ್‌ನಲ್ಲಿ ಲೇಖನ ಕಳಿಸುತ್ತಾನೆ. ಮೊನ್ನೆ ಬಂದದ್ದು ಇಲಿಗಳ ಮೇಲಿನದು. ಭಾನುವಾರ ಓದುತ್ತೇನೆ ಅಂದಿದ್ದೇನೆ.