ಐ7 ಅಂದ್ರೆ 7 ಕೋರ್ ಅಲ್ಲ, ದಯವಿಟ್ಟು ಪೂರ್ತಿ ನಂಬರ್ ಓದಿ

ಪ್ರಶ್ನೆ: ಸಾರ್, ಮಗಳು ಇಂಜಿನಿಯರಿಂಗ್ ಸೇರ್ತಿದಾಳೆ, ಲ್ಯಾಪ್‌ಟಾಪ್ ತಗೋಬೇಕು. ಅಂಗಡಿಯವ್ರು ಐ7 ತಗೊಳ್ಳಿ ಅಂತಾರೆ, ಐ5ಗಿಂತ ಹದಿನೈದು ಸಾವಿರ ಜಾಸ್ತಿ. ಐ5ನಲ್ಲಿ 5 ಕೋರ್, ಐ7ನಲ್ಲಿ 7 ಕೋರ್ ಇರುತ್ತೆ, ಹಾಗಾಗಿ ಐ7 ಯಾವತ್ತಿದ್ರೂ ಮೇಲು ಅಂತ ಹೇಳಿದ್ರು. ನಿಜಾನಾ?

ಸಿಇಟಿ ಸೀಟ್ ಹಂಚಿಕೆ ಶುರುವಾಯ್ತು ಅಂದ್ರೆ ನನಗೆ ಈ ಪ್ರಶ್ನೆ ಬರೋದೂ ಶುರು. ಕೇಳೋರ ಹೆಸರು ಬೇರೆ, ಊರು ಬೇರೆ, ಪ್ರಶ್ನೆ ಮಾತ್ರ ಅದೇ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿದೆ, ಅದಕ್ಕೆ ಈ ಸಲ ಒಂದೇ ಕಡೆ ಪೂರ್ತಿ ಬರೆದಿಡ್ತೀನಿ, ಮುಂದೆ ಯಾರು ಕೇಳಿದ್ರೂ ಇದನ್ನೇ ಕಳಿಸ್ತೀನಿ.

ನಿಜ ಅಲ್ಲ. ಐ3, ಐ5, ಐ7 ಅನ್ನೋದು ಇಂಟೆಲ್ ಕಂಪನಿಯ ಪ್ರೊಸೆಸರ್‌ಗಳು, ಅಂದ್ರೆ ಕಂಪ್ಯೂಟರ್‌ನ ಲೆಕ್ಕವೆಲ್ಲ ಮಾಡೋ ಚಿಪ್‌ಗಳು. ಆ ಚಿಪ್ ಒಳಗೆ ಸ್ವತಂತ್ರವಾಗಿ ಕೆಲಸ ಮಾಡೋ ಒಂದೊಂದು ಭಾಗಕ್ಕೆ ಕೋರ್ ಅಂತಾರೆ. ಹೆಸರಲ್ಲಿರೋ ಅಂಕಿಗೂ ಒಳಗಿರೋ ಕೋರ್ ಲೆಕ್ಕಕ್ಕೂ ಸಂಬಂಧವೇ ಇಲ್ಲ. ಅದು ಮಾರಾಟಕ್ಕೆ ಅಂತ ಇಟ್ಟ ದರ್ಜೆಯ ಹೆಸರು. 2009ರಲ್ಲಿ ಇಂಟೆಲ್ ಕಂಪನಿಯೇ ಬಿಡಿಸಿ ಹೇಳಿತ್ತು, ಐ3 ಆರಂಭದ ಮಟ್ಟ, ಐ5 ಮಧ್ಯಮ, ಐ7 ಮೇಲಿನದು ಅಂತ. ಕೆಎಸ್‌ಆರ್‌ಟಿಸಿ ಬಸ್ ಮೇಲೆ ರಾಜಹಂಸ ಅಂತ ಬರೆದಿದ್ರೆ ಯಾವ ದರ್ಜೆ ಬಸ್ಸು ಅಂತ ಗೊತ್ತಾಗುತ್ತೆ, ಆದ್ರೆ ಬಸ್ಸು ಯಾವ ವರ್ಷದ್ದು, ಒಳಗೆ ಎಷ್ಟು ಸೀಟಿದೆ ಅಂತ ಆ ಹೆಸರಿಂದ ಹೇಳಕ್ಕಾಗಲ್ಲ ಅಲ್ವಾ. ಇದೂ ಹಾಗೇನೇ.

ಇಷ್ಟು ಹೇಳಿದ್ರೆ ಜನ ಹೂಂ ಅಂತಾರೆ, ಮತ್ತೆ ಅಂಗಡಿಗೆ ಹೋಗಿ ಅದೇ ಮಾತು ಕೇಳ್ಕೊಂಡು ಬರ್ತಾರೆ. ಅದಕ್ಕೆ ಲೆಕ್ಕ ಸಮೇತ ಕೊಡ್ತೀನಿ. 2008ರ ನವೆಂಬರ್‌ನಲ್ಲಿ ಬಂದ ಮೊಟ್ಟಮೊದಲ ಐ7ನಲ್ಲಿ ಇದ್ದಿದ್ದು 4 ಕೋರ್. 2010ರಲ್ಲಿ ಬಂದ ಐ3ನಲ್ಲಿ 2 ಕೋರ್. ಅದೇ ಹೊತ್ತಿನ ಲ್ಯಾಪ್‌ಟಾಪ್ ಐ5ನಲ್ಲೂ 2 ಕೋರೇ, ಡೆಸ್ಕ್‌ಟಾಪ್ ಐ5ನಲ್ಲಿ ಮಾತ್ರ 4 ಇರೋದೂ ಇತ್ತು, ಅಂದ್ರೆ ಸ್ಟಿಕರ್ ಒಂದೇ, ಒಳಗಿನ ಸರಕು ಬೇರೆ ಬೇರೆ. ತೆಳ್ಳಗಿನ ಲ್ಯಾಪ್‌ಟಾಪ್‌ಗಳಿಗೆ ಹಾಕ್ತಿದ್ದ ಯು ಸರಣಿಯ ಐ7ಗಳಲ್ಲಿ ಏಳನೇ ಜನರೇಷನ್ (ಪೀಳಿಗೆ) ವರೆಗೂ, ಅಂದ್ರೆ 2016ರ ಕೊನೇಲೂ, ಬರೀ 2 ಕೋರ್! 2022ರಲ್ಲಿ ಬಂದ ಐ3-1215ಯು ಅನ್ನೋ ಚಿಪ್‌ನಲ್ಲಿ 6 ಕೋರ್ ಇದೆ, ಅದೇ ವರ್ಷದ ಐ7-1255ಯುನಲ್ಲಿ 10, ಐ5-12500ಎಚ್‌ನಲ್ಲಿ 12. ಇನ್ನೊಂದು ಸಲ ಓದಿ. ಐ5ನಲ್ಲಿ 12, ಐ7ನಲ್ಲಿ 10, ಎರಡೂ ಹನ್ನೆರಡನೇ ಜನರೇಷನ್ನೇ.

ಸರಿಯಾಗಿ 5 ಕೋರ್ ಇದ್ದ ಐ5 ಕೂಡ ಒಂದಿತ್ತು, 2020ರ ಲೇಕ್‌ಫೀಲ್ಡ್ ಅನ್ನೋ ಬಳಗದ್ದು. ನೋಡಿ ಸಾರ್ ಸಿಕ್ತು ಅನ್ಬೇಡಿ, ಅದೇ ಬಳಗದ ಐ3ನಲ್ಲೂ 5 ಕೋರೇ ಇದ್ದಿದ್ದು. ಇಂಟೆಲ್‌ನ ಮೊದಲ 6 ಕೋರ್ ಚಿಪ್ ಯಾವ್ದು ಗೊತ್ತಾ? 2008ರ ಸೆಪ್ಟೆಂಬರ್‌ನಲ್ಲಿ ಬಂದ ಜಿಯಾನ್ 7400, ಸರ್ವರ್‌ಗಳಿಗೆ ಹಾಕೋದು, ಅದನ್ನ ಡಿಸೈನ್ ಮಾಡಿದ್ದು ನಮ್ಮ ಬೆಂಗಳೂರಿನ ಇಂಟೆಲ್ ತಂಡ. ಇದನ್ನ ಹೇಳೋವಾಗೆಲ್ಲ ನನಗೆ ಹೆಮ್ಮೆ. ಅದರ ಹೆಸರಲ್ಲಿ 6 ಅನ್ನೋ ಅಂಕಿನೇ ಇಲ್ಲ ನೋಡಿ.

ಈಗ 'ಐ7 ಯಾವತ್ತಿದ್ರೂ ಮೇಲು' ಅನ್ನೋ ಮಾತಿಗೆ ಬರೋಣ, ದುಡ್ಡು ಹೋಗೋದು ಇಲ್ಲೇ. 2018ರಲ್ಲಿ ನಮ್ಮ ಚಿಕ್ಕಪ್ಪ ಅಂಗಡಿಯಲ್ಲಿ ನಿಂತ್ಕೊಂಡೇ ಫೋನ್ ಮಾಡಿದ್ರು. "ಒಂದು ಐ7 ಆಫರ್‌ನಲ್ಲಿದೆ ಕಣೋ, ಇನ್ನೊಂದು ಐ5 ಇದೆ, ಐದು ಸಾವಿರ ಕಮ್ಮಿ, ನಾನು ಐ7ಗೇ ದುಡ್ಡು ಕೊಡ್ತಿದೀನಿ." ತಡೀರಿ ಚಿಕ್ಕಪ್ಪ, ಬಾಕ್ಸ್ ತಿರುಗಿಸಿ, ಬಾರ್‌ಕೋಡ್ ಪಕ್ಕ ಸಣ್ಣ ಅಕ್ಷರದಲ್ಲಿ ಒಂದು ನಂಬರ್ ಇರುತ್ತೆ, ಅದನ್ನ ಓದಿ ಅಂದೆ. ಕನ್ನಡಕ ತೆಗೆದು, ಮತ್ತೆ ಹಾಕ್ಕೊಂಡು, ಒಂದೊಂದೇ ಅಂಕಿ ಓದಿದ್ರು: "ಏಳು, ಐದು, ಸೊನ್ನೆ, ಸೊನ್ನೆ, ಯು." ಇನ್ನೊಂದು ಬಾಕ್ಸ್? "ಎಂಟು, ಎರಡು, ಐದು, ಸೊನ್ನೆ, ಯು." ಅಷ್ಟೇ ಸಾಕಿತ್ತು ನನಗೆ. ಐ7-7500ಯು ಏಳನೇ ಜನರೇಷನ್, 2 ಕೋರ್. ಐ5-8250ಯು ಎಂಟನೇ ಜನರೇಷನ್, 4 ಕೋರ್. ಕಮ್ಮಿ ಬೆಲೆದು, ಹೊಸದು, ಕೋರ್ ಎರಡರಷ್ಟು. ಐ5 ತಗೊಂಡು ಬನ್ನಿ ಅಂದ್ರೆ ಚಿಕ್ಕಪ್ಪಂಗೆ ಸಮಾಧಾನವೇ ಇಲ್ಲ, "ಐ7 ಅಂದ್ರೆ ಐ7 ಅಲ್ವೇನೋ" ಅಂತ ಎರಡು ಸಲ ಕೇಳಿದ್ರು. ಕೊನೆಗೆ ಐ5 ತಗೊಂಡ್ರು, ತಂಗಿ ನಾಲ್ಕು ವರ್ಷದ ಕೋರ್ಸ್ ಪೂರ್ತಿ ಅದರಲ್ಲೇ ಮುಗಿಸಿದ್ಲು.

ಹಾಗಾಗಿ ನೋಡಬೇಕಾದ್ದು ಸ್ಟಿಕರ್ ಅಲ್ಲ, ಪೂರ್ತಿ ನಂಬರ್. ಅಡ್ಡಗೆರೆ ಆದ್ಮೇಲೆ ಬರೋ ಅಂಕಿನೇ ಜನರೇಷನ್, 8250 ಅಂದ್ರೆ ಎಂಟನೇದು, 1ರಿಂದ ಶುರುವಾದ್ರೆ ಮೊದಲ ಎರಡು ಅಂಕಿ ಸೇರಿಸಿ ಓದಬೇಕು, 1255 ಅಂದ್ರೆ ಹನ್ನೆರಡನೇದು. ಕೊನೇ ಅಕ್ಷರ ಯು ಆದ್ರೆ ಕಮ್ಮಿ ಕರೆಂಟ್ ತಿನ್ನೋದು, ಬ್ಯಾಟರಿ ಬಾಳಿಕೆ ಮುಖ್ಯ ಅನ್ನೋರಿಗೆ. ಎಚ್ ಆದ್ರೆ ಜಾಸ್ತಿ ಕೆಲಸ ಮಾಡೋದು, ಜಾಸ್ತಿ ಬಿಸಿನೂ ಆಗೋದು. ಜನರೇಷನ್ನೂ ಕೊನೇ ಅಕ್ಷರವೂ ಒಂದೇ ಇದ್ದಾಗ ಮಾತ್ರ ಐ7 ಮೇಲು ಅನ್ನೋ ಮಾತಿಗೆ ಅರ್ಥ ಇದೆ, ಆಗಲೂ ಎಷ್ಟು ಮೇಲು ಅಂತ ನೋಡಿ. ಐ5-8250ಯು, ಐ7-8550ಯು ಎರಡರಲ್ಲೂ 4 ಕೋರ್, ಗರಿಷ್ಠ ವೇಗ ಒಂದರದ್ದು 3.4 ಗಿಗಾಹರ್ಟ್ಜ್, ಇನ್ನೊಂದರದ್ದು 4. ನಿಮ್ಮ ಹದಿನೈದು ಸಾವಿರ ಇಷ್ಟು ವ್ಯತ್ಯಾಸಕ್ಕೆ ಹೋಗೋದಾದ್ರೆ ಬೇಡ, ಅದೇ ದುಡ್ಡಲ್ಲಿ ರ‍್ಯಾಮ್ 16 ಜಿಬಿ ಮಾಡಿಸಿ, ಎಸ್‌ಎಸ್‌ಡಿ ದೊಡ್ಡದು ಹಾಕಿಸಿ, ಮಗಳಿಗೆ ದಿನಾ ಉಪಯೋಗಕ್ಕೆ ಬರೋದು ಅದು. 2023ರ ಕೊನೆಯಿಂದ 'ಐ' ಅಕ್ಷರ ಬಿಟ್ಟು ಕೋರ್ ಅಲ್ಟ್ರಾ 5, ಕೋರ್ ಅಲ್ಟ್ರಾ 7 ಅಂತ ಬರ್ತಿದೆ, ಕಥೆ ಮಾತ್ರ ಬದಲಾಗಿಲ್ಲ. ಅಲ್ಟ್ರಾ 5 226ವಿ, ಅಲ್ಟ್ರಾ 7 258ವಿ, ಎರಡರಲ್ಲೂ 8 ಕೋರ್.

ಒಂದು ಚಿಪ್ ಕಂಪನಿ ಹೆಸರಿಡೋದಕ್ಕೆ ಯಾಕಿಷ್ಟು ಒದ್ದಾಡುತ್ತೆ ಅಂತ ನೀವು ಕೇಳಿಲ್ಲ, ಆದ್ರೆ ನನಗೆ ಹೇಳದೇ ಇರಕ್ಕಾಗಲ್ಲ. ಹಿಂದೆ ಇವರ ಚಿಪ್‌ಗಳಿಗೆ ಹೆಸರೇ ಇರ್ಲಿಲ್ಲ, ಬರೀ ನಂಬರ್: 286, 386, 486. ಚಿಪ್ ಮಾಡೋ ಇನ್ನೊಂದು ಕಂಪನಿ ಎಎಂಡಿಯವ್ರು ತಾವೂ 386 ಅಂತ ಮಾರಕ್ಕೆ ಹೊರಟಾಗ ಇಂಟೆಲ್ ಕೋರ್ಟಿಗೆ ಹೋಯ್ತು, 1991ರಲ್ಲಿ ಅಮೆರಿಕದ ಕೋರ್ಟು 386 ಅನ್ನೋದು ಒಬ್ಬರ ಸ್ವತ್ತಲ್ಲ, ಯಾರು ಬೇಕಾದ್ರೂ ಬಳಸಬಹುದು ಅಂದುಬಿಡ್ತು. ಆ ವರ್ಷವೇ 'ಇಂಟೆಲ್ ಇನ್‌ಸೈಡ್' (ಒಳಗಿರೋದು ಇಂಟೆಲ್) ಅನ್ನೋ ಜಾಹೀರಾತು ಶುರುವಾಗಿದ್ದು. ಇದರ ಹಿಂದಿದ್ದೋರು ಇಂಟೆಲ್‌ನ ಮಾರ್ಕೆಟಿಂಗ್ ನೋಡ್ಕೊಳ್ತಿದ್ದ ಡೆನ್ನಿಸ್ ಕಾರ್ಟರ್ ಅನ್ನೋರು, ಅದಕ್ಕೂ ಮುಂಚೆ 286 ಅನ್ನೋ ನಂಬರ್ ಮೇಲೆ ಕೆಂಪು ಬಣ್ಣದಲ್ಲಿ ದೊಡ್ಡ ಇಂಟು ಮಾರ್ಕ್ ಬಳಿದು, ಇದು ಬೇಡ, 386 ತಗೊಳ್ಳಿ ಅಂತ ಜಾಹೀರಾತು ಮಾಡಿಸಿದ್ದೋರು. ಕಂಪ್ಯೂಟರ್ ಮಾಡೋ ಕಂಪನಿಗಳು ತಮ್ಮ ಜಾಹೀರಾತಲ್ಲಿ ಆ ಲೋಗೋ ಹಾಕಿದ್ರೆ ಖರ್ಚಲ್ಲಿ ಒಂದು ಪಾಲು ಇಂಟೆಲ್ ಕೊಡ್ತಿತ್ತು. ಡಬ್ಬದೊಳಗೆ ಫ್ಯಾನ್ ಕೆಳಗೆ ಕೂತಿರೋ, ಕೊಂಡೋರು ಜೀವಮಾನದಲ್ಲಿ ಒಂದು ಸಲವೂ ಕಣ್ಣಿಂದ ನೋಡದ ವಸ್ತುವಿಗೆ ಮನೆಮನೇಲಿ ಹೆಸರು! 1993ರಲ್ಲಿ ಐದನೇ ಪೀಳಿಗೆಗೆ 586 ಅನ್ನದೇ ಪೆಂಟಿಯಂ ಅಂದ್ರು, ಗ್ರೀಕ್‌ನಲ್ಲಿ ಪೆಂಟೆ ಅಂದ್ರೆ ಐದು. 1994ರಲ್ಲಿ ವಾಲ್ಟರ್ ವೆರ್ಜೋವಾ ಅನ್ನೋ ಆಸ್ಟ್ರಿಯಾದ ಸಂಗೀತಗಾರ ಇಂಟೆಲ್ ಜಾಹೀರಾತಲ್ಲಿ ಬರೋ ಆ ಟಿವಿ ಟ್ಯೂನ್ ಮಾಡಿದ್ರು, ಇನ್-ಟೆಲ್-ಇನ್-ಸೈಡ್ ಅನ್ನೋ ನಾಲ್ಕು ತುಂಡಿಗೆ ನಾಲ್ಕು ಸ್ವರ, ಓದ್ತಿದ್ದ ಹಾಗೇ ನಿಮ್ಮ ಕಿವಿಯಲ್ಲಿ ಬಂತು ಅಲ್ವಾ.

ಅದೇ ವರ್ಷ ಆ ಹೆಸರೇ ಅವರ ಕುತ್ತಿಗೆಗೆ ಬಂತು. ವರ್ಜೀನಿಯಾದ ಲಿಂಚ್‌ಬರ್ಗ್ ಕಾಲೇಜಿನ ಗಣಿತದ ಪ್ರೊಫೆಸರ್ ಥಾಮಸ್ ನೈಸ್ಲಿ ಅವಿಭಾಜ್ಯ ಸಂಖ್ಯೆಗಳ ಲೆಕ್ಕ ಮಾಡ್ತಿದ್ದಾಗ ಪೆಂಟಿಯಂ ಭಾಗಾಕಾರ ತಪ್ಪು ಮಾಡ್ತಿದೆ ಅಂತ ಕಂಡುಹಿಡಿದ್ರು. ಆಮೇಲೆ ಎಲ್ಲರೂ ಪರೀಕ್ಷೆ ಮಾಡಿದ ಲೆಕ್ಕ ಇದು: 4195835ನ್ನ 3145727ರಿಂದ ಭಾಗಿಸಿ. ನಿಮ್ಮ ಫೋನಲ್ಲಿ ಈಗಲೇ ಮಾಡಿ, 1.33382 ಅಂತ ಶುರುವಾಗುತ್ತೆ. ಆ ಪೆಂಟಿಯಂನಲ್ಲಿ 1.33373 ಅಂತ ಬರ್ತಿತ್ತು. ಚಿಪ್ ಒಳಗೆ ಭಾಗಾಕಾರಕ್ಕೆ ಅಂತ ಒಂದು ಕೋಷ್ಟಕ ಇರುತ್ತೆ, ನಮ್ಮ ಮಗ್ಗಿ ಪುಸ್ತಕದ ಥರ, ಅದರಲ್ಲಿ ಐದು ಮನೆ ಭರ್ತಿನೇ ಆಗಿರ್ಲಿಲ್ಲ. ಸಾಮಾನ್ಯ ಬಳಕೆದಾರರಿಗೆ ಈ ತಪ್ಪು ಸಿಗೋದು 27,000 ವರ್ಷಕ್ಕೊಂದು ಸಲ, ನಿಜವಾಗಿ ಬೇಕು ಅಂತ ತೋರಿಸಿದೋರಿಗೆ ಮಾತ್ರ ಬದಲಾಯಿಸಿ ಕೊಡ್ತೀವಿ ಅಂತು ಕಂಪನಿ. ಲೆಕ್ಕದ ಪ್ರಕಾರ ಆ ಮಾತಲ್ಲಿ ಹುರುಳಿತ್ತು, ಆದ್ರೆ ಮೂರು ವರ್ಷದಿಂದ 'ಒಳಗಿರೋದು ನಾವು' ಅಂತ ಮನೆಮನೆಗೂ ಹೇಳ್ಕೊಂಡು ಬಂದೋರಿಗೆ ಜನ ನೇರವಾಗಿ ಫೋನ್ ಮಾಡದೇ ಇನ್ಯಾರಿಗೆ ಮಾಡ್ತಾರೆ? ಹಿಂದಿನ 386 ಕಾಲದಲ್ಲಾಗಿದ್ರೆ ಕಂಪ್ಯೂಟರ್ ಮಾರಿದೋರ ಹತ್ರ ಹೋಗ್ತಿದ್ರು. ಡಿಸೆಂಬರ್ 12ಕ್ಕೆ ಐಬಿಎಂ ಪೆಂಟಿಯಂ ಕಂಪ್ಯೂಟರ್‌ಗಳನ್ನ ಕಳಿಸೋದನ್ನೇ ನಿಲ್ಲಿಸ್ತು, 20ನೇ ತಾರೀಖಿಗೆ ಇಂಟೆಲ್ ಯಾರು ಕೇಳಿದ್ರೂ ಬದಲಾಯಿಸಿ ಕೊಡ್ತೀವಿ ಅಂತ ಒಪ್ಕೊಳ್ತು. ಒಟ್ಟು ಹೊಡೆತ 47.5 ಕೋಟಿ ಡಾಲರ್. ವಾಪಸ್ ಬಂದ ಚಿಪ್‌ಗಳಲ್ಲಿ ಕೆಲವನ್ನ ಕೀಚೈನ್ ಮಾಡಿಸಿ ತಮ್ಮ ನೌಕರರಿಗೇ ಕೊಟ್ರು, ಅವು ಈಗಲೂ ಹಳೇ ಸಾಮಾನು ಕೂಡಿಡೋರ ಹತ್ರ ಸಿಗುತ್ತೆ.