ಕಿಟಕಿಯಾಚೆ ಕೂತವರ ಕೆಲಸ ಈಗ ಯಾರು ಮಾಡಬೇಕು?

ಪ್ರವೇಶದ ದಿನಗಳಲ್ಲಿ ಹುಬ್ಬಳ್ಳಿ-ಧಾರವಾಡದ ಕಾಲೇಜುಗಳ ಆಫೀಸು ಕಿಟಕಿಯ ಮುಂದೆ ಪಾಳಿ ಹಚ್ಚುವವರು ಹೆಚ್ಚಿನವರು ಹೊರಗಿನವರು. ನವಲಗುಂದ, ಕುಂದಗೋಳ, ಶಿಗ್ಗಾವಿಯಿಂದ ಬೆಳಗಿನ ಬಸ್ಸಿಗೆ ಬಂದಿರುತ್ತಾರೆ, ಕೈಯಲ್ಲಿ ಜೆರಾಕ್ಸ್ ಕಟ್ಟು. ಕಿಟಕಿಯಾಚೆ ಕೂತ ಗುಮಾಸ್ತರು ಅರ್ಜಿಯ ಮೇಲೆ ಕಣ್ಣಾಡಿಸಿ, "ತಮ್ಮಾ, ಇಲ್ಲಿ ಓ ಅಲ್ಲೋ, ಸೊನ್ನಿ. ತಿದ್ದಿ ಕೊಡು" ಎಂದು ಹಿಂದಕ್ಕೆ ತಳ್ಳುತ್ತಾರೆ. ಅರ್ಧ ನಿಮಿಷದ ಕೆಲಸ. ಕಾಗದದ ಅರ್ಜಿ ತೆಗೆದು ಆನ್‌ಲೈನ್ ಮಾಡಿದ ದಿನ ಈ ಗುಮಾಸ್ತರೂ ಎದ್ದುಹೋಗುತ್ತಾರೆ. ವಿದ್ಯಾರ್ಥಿಗಳ ತಂತ್ರಜ್ಞಾನ ತಂಡ ಕಟ್ಟಿದ ಆನ್‌ಲೈನ್ ಫಾರ್ಮುಗಳು ಮೊದಲ ವರ್ಷ ಮುಗ್ಗರಿಸುವುದು ಬಹುಪಾಲು ಇದೇ ಕಾರಣಕ್ಕೆ. ಆದ್ದರಿಂದ ಕೋಡ್ ಬರೆಯುವ ಮೊದಲು ಒಂದು ವಾರ ಆ ಕಿಟಕಿಯ ಪಕ್ಕ ಕೂತು, ಯಾವ ಯಾವ ತಪ್ಪಿಗೆ ಅರ್ಜಿ ಹಿಂದೆ ಹೋಗುತ್ತದೆ ಎಂದು ಪಟ್ಟಿ ಮಾಡಿಕೊಳ್ಳುವುದು ಒಳ್ಳೆಯದು. ತಂಡಕ್ಕೆ ಬೇಕಾದ ನಿಯಮಗಳಲ್ಲಿ ಅರ್ಧ ಅಲ್ಲೇ ಸಿಗುತ್ತವೆ.

ಆ ಸೊನ್ನೆಯನ್ನೇ ನೋಡಿ. ಬ್ಯಾಂಕಿನ ಐಎಫ್‌ಎಸ್‌ಸಿ ಕೋಡಿನಲ್ಲಿ 11 ಅಕ್ಷರ: ಮೊದಲ ನಾಲ್ಕು ಬ್ಯಾಂಕಿನವು, ಕೊನೆಯ ಆರು ಶಾಖೆಯವು, ನಡುವಿನ ಐದನೆಯದು ಯಾವಾಗಲೂ ಸೊನ್ನೆ. ಯಾವಾಗಲೂ ಸೊನ್ನೆಯೇ ಎಂದಮೇಲೆ, ಅಲ್ಲಿ ಓ ಬಿದ್ದರೆ ಕೆಂಪು ಅಕ್ಷರದಲ್ಲಿ ಬೈಯುವುದೇಕೆ? ಫಾರ್ಮು ತಾನೇ ತಿದ್ದಿಕೊಂಡರಾಯಿತು. ಹಳೆಯ ಪಾಸ್‌ಬುಕ್ ನೋಡಿ ಬರೆಯುವವರದು ಬೇರೆ ತಕರಾರು. ಸಿಂಡಿಕೇಟ್ ಬ್ಯಾಂಕು 2020ರ ಏಪ್ರಿಲ್ 1ಕ್ಕೆ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು, ಅದರ ಕೋಡುಗಳು 2021ರ ಜುಲೈಯಿಂದ ನಡೆಯುವುದಿಲ್ಲ. ಆ ಪಾಸ್‌ಬುಕ್ಕುಗಳು ಮಾತ್ರ ಮನೆಯ ಟ್ರಂಕಿನಲ್ಲಿ ಹಾಗೇ ಇವೆ. ಅಂಥ ಕೋಡು ಬಂದರೆ "ತಪ್ಪು" ಎಂದಷ್ಟೇ ಹೇಳಿದರೆ ಸಾಲದು, "ಈ ಬ್ಯಾಂಕು ಕೆನರಾದಲ್ಲಿ ಸೇರಿದೆ, ಹೊಸ ಕೋಡು ಹಾಕಿ" ಎಂದು ಹೇಳಬೇಕು.

ಆಧಾರ್ ಸಂಖ್ಯೆಯ ಪರೀಕ್ಷೆ ಇನ್ನೂ ಚೆಂದದ್ದು. ಅದರ 12 ಅಂಕಿಗಳಲ್ಲಿ ಕೊನೆಯದು ತಾಳೆ ಅಂಕಿ. ಡಚ್ ಗಣಿತಜ್ಞ ಯಾಕೋಬಸ್ ವೆರ್ಹೂಫ್ 1969ರಲ್ಲಿ ಪ್ರಕಟಿಸಿದ ವಿಧಾನದಲ್ಲಿ, ಮೊದಲ 11 ಅಂಕಿಗಳಿಂದ ಅದನ್ನು ಲೆಕ್ಕ ಹಾಕಿರುತ್ತಾರೆ. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿ ಅದಲುಬದಲಾದರೂ ತಾಳೆ ಕೂಡುವುದಿಲ್ಲ. ಕೈಯಿಂದ ಆಗುವ ತಪ್ಪು ಹೆಚ್ಚಾಗಿ ಇವೆರಡೇ. ಹತ್ತಿಪ್ಪತ್ತು ಸಾಲಿನ ಕೋಡು ಸಾಕು, ಸರ್ವರನ್ನು ಕೇಳಬೇಕಾಗಿಲ್ಲ, ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನಲ್ಲೇ ನಡೆಯುತ್ತದೆ. ಆದರೆ ಸಂಖ್ಯೆ ಸರಿಯಾಗಿ ಟೈಪ್ ಆಗಿದೆ ಎಂದಷ್ಟೇ ಇದರಿಂದ ತಿಳಿಯುತ್ತದೆ, ಅದು ಯಾರದೆಂದು ತಿಳಿಯುವುದಿಲ್ಲ. ಗ್ರಂಥಾಲಯದ ಕಾರ್ಡಿಗೂ ಆಧಾರ್ ಕೇಳುವ ಚಾಳಿಯನ್ನಂತೂ ಕಾಗದದ ಜೊತೆಗೇ ಬಿಡಬೇಕು.

ಇನ್ನು ಪರದೆ. ಅರ್ಜಿ ತುಂಬುವವರಲ್ಲಿ ಹೆಚ್ಚಿನವರ ಕೈಯಲ್ಲಿರುವುದು ಸುಮಾರು 360 ಪಿಕ್ಸೆಲ್ ಅಗಲದ ಫೋನು. ಫಾರ್ಮು ತಯಾರಾಗುವುದು ಲ್ಯಾಬಿನ ದೊಡ್ಡ ಮಾನಿಟರಿನ ಮೇಲೆ. ಪರದೆಯ ಅಗಲಕ್ಕೆ ತಕ್ಕಂತೆ ಜೋಡಿಸು ಎಂದು ಬ್ರೌಸರಿಗೆ ಹೇಳುವ ವ್ಯೂಪೋರ್ಟ್ ಟ್ಯಾಗ್ ಪುಟದ ತಲೆಯಲ್ಲಿ ಇಲ್ಲದಿದ್ದರೆ ಫೋನಿನ ಬ್ರೌಸರು ತನ್ನ ಪರದೆ 980 ಪಿಕ್ಸೆಲ್ ಅಗಲವಿದೆ ಎಂದುಕೊಂಡು ಪುಟ ಜೋಡಿಸಿ, ಆಮೇಲೆ ಇಡಿಯಾಗಿ ಕುಗ್ಗಿಸುತ್ತದೆ. 16 ಪಿಕ್ಸೆಲ್ಲಿನ ಅಕ್ಷರ 6ಕ್ಕೆ ಇಳಿದು ಇರುವೆ ಸಾಲಿನಂತೆ ಕಾಣುತ್ತದೆ. ಒಂದೇ ಸಾಲಿನ ಟ್ಯಾಗಿನಿಂದ ಇದು ಸರಿಹೋಗುತ್ತದೆ. ಪರದೆಗೆ ತಕ್ಕಂತೆ ಮೈ ಬದಲಿಸುವ ಪುಟಕ್ಕೆ ವೆಬ್ ವಿನ್ಯಾಸಕಾರ ಈಥನ್ ಮಾರ್ಕಾಟ್ 2010ರಲ್ಲಿ 'ರೆಸ್ಪಾನ್ಸಿವ್' ಎಂಬ ಹೆಸರು ಕೊಟ್ಟರು. ತಂಡಗಳು ಎಡವುವುದು ಕ್ರಮದಲ್ಲಿ. ಮೊದಲು 360ಕ್ಕೆ ಒಂದೇ ಕಂಬದಲ್ಲಿ (ಕಾಲಂ) ಬರೆದು, 768 ದಾಟಿದರೆ ಎರಡು ಕಂಬ ಮಾಡುವುದು ಸುಲಭ. ದೊಡ್ಡದನ್ನು ಕಟ್ಟಿ ಚಿಕ್ಕದಕ್ಕೆ ತುರುಕಹೋದರೆ ದಿನಕ್ಕೊಂದು ಹೊಸ ತೇಪೆ. ಪ್ರಶ್ನೆ ಚೌಕದ ಮೇಲಿರಲಿ, ಎಡಕ್ಕೆ ಬೇಡ. ಚೌಕದೊಳಗಿನ ಅಕ್ಷರ 16 ಪಿಕ್ಸೆಲ್ಲಿಗಿಂತ ಚಿಕ್ಕದಾದರೆ ಐಫೋನ್ ಮುಟ್ಟಿದ ತಕ್ಷಣ ಪುಟವನ್ನೇ ಹಿಗ್ಗಿಸುತ್ತದೆ. ಹುಟ್ಟಿದ ದಿನಾಂಕಕ್ಕೆ ಕ್ಯಾಲೆಂಡರ್ ಕೊಡಬೇಡಿ. 2007ಕ್ಕೆ ಹಿಂದೆ ಹೋಗಲು ತಿಂಗಳು ತಿಂಗಳು ಒತ್ತಿ ಬೆರಳು ಸೋಲುತ್ತದೆ. ದಿನ, ತಿಂಗಳು, ವರ್ಷ, ಮೂರು ಚೌಕ ಸಾಕು.

ಕನ್ನಡಕ್ಕೆ ಬಂದಾಗ ಹೊರಗಿನ ಟೆಂಪ್ಲೇಟುಗಳು ಕೈಕೊಡುತ್ತವೆ. ಇಂಗ್ಲಿಷಿಗೆ ಸಾಕಾಗುವ 1.2 ಪಟ್ಟು ಸಾಲಿನ ಎತ್ತರದಲ್ಲಿ 'ಸ್ತ್ರೀ' ಎಂಬ ಆಯ್ಕೆಯ ಕೆಳಗಿನ ಒತ್ತು ಕತ್ತರಿಸಿಹೋಗಬಹುದು; 1.6 ಇಟ್ಟರೆ ನಿರಾಳ. ಉದ್ದದ ಮಿತಿಯಲ್ಲಿ ಇನ್ನೂ ದೊಡ್ಡ ಗುಂಡಿಯಿದೆ. 'ಲಕ್ಷ್ಮೀಬಾಯಿ' ನಮ್ಮ ಕಣ್ಣಿಗೆ ನಾಲ್ಕು ಅಕ್ಷರ: ಲ, ಕ್ಷ್ಮೀ, ಬಾ, ಯಿ. ಕಂಪ್ಯೂಟರಿನ ಅಕ್ಷರಸಂಕೇತ ಪದ್ಧತಿಯಾದ ಯೂನಿಕೋಡಿನ ಎಣಿಕೆಯಲ್ಲಿ ಒತ್ತಕ್ಷರ ಕೂಡಿಸುವ ಚಿಹ್ನೆ (್), ಸ್ವರಚಿಹ್ನೆಗಳೆಲ್ಲ ಬೇರೆ ಬೇರೆ, ಒಟ್ಟು 11. ಅವನ್ನು ಬೈಟುಗಳಾಗಿ ಇಡುವ ಯುಟಿಎಫ್-8ರಲ್ಲಿ ಕನ್ನಡದ ಪ್ರತಿಯೊಂದು ಸಂಕೇತಕ್ಕೂ 3 ಬೈಟು, ಅಂದರೆ 33. 'ಹೆಸರಿಗೆ 30' ಎಂದು ಬೈಟಿನಲ್ಲಿ ಮಿತಿ ಹಾಕಿದ ಕಡೆ ನಾಲ್ಕಕ್ಷರದ ಈ ಹೆಸರೂ ಹಿಡಿಸುವುದಿಲ್ಲ. ಹೆಸರನ್ನು ಮೊದಲ ಹೆಸರು, ಕೊನೆಯ ಹೆಸರು ಎಂದು ಒಡೆಯುವುದೂ ನಮ್ಮ ಕಡೆ ಹೊಂದದು. ಹಿರೇಮಠ, ಬಡಿಗೇರ ಎಂಬ ಅಡ್ಡಹೆಸರು ಒಂದು ದಾಖಲೆಯಲ್ಲಿ ಮುಂದಿದ್ದರೆ ಇನ್ನೊಂದರಲ್ಲಿ ಹಿಂದಿರುತ್ತದೆ. ಒಂದೇ ಉದ್ದ ಚೌಕ ಕೊಟ್ಟು 'ಎಸ್ಸೆಸ್ಸೆಲ್ಸಿ ಮಾರ್ಕ್ಸ್‌ಕಾರ್ಡಿನಲ್ಲಿ ಇರುವಂತೆ' ಎಂದು ಬರೆದುಬಿಡಿ.

ಎಲ್ಲಕ್ಕಿಂತ ಹೆಚ್ಚು ಅರ್ಜಿ ಕೆಡಿಸುವುದು ಫೋಟೊ. 12 ಮೆಗಾಪಿಕ್ಸೆಲ್ ಕ್ಯಾಮೆರಾದ ಚಿತ್ರ 4000×3000 ಪಿಕ್ಸೆಲ್, ತೂಕ ಸುಲಭವಾಗಿ 3 ಎಂಬಿ ದಾಟುತ್ತದೆ. 35×45 ಮಿಲಿಮೀಟರಿನ ಪಾಸ್‌ಪೋರ್ಟ್ ಫೋಟೊವನ್ನು ಚೆನ್ನಾಗಿ ಮುದ್ರಿಸಲು 413×531 ಪಿಕ್ಸೆಲ್ ಸಾಕು, 100 ಕೆಬಿ ಒಳಗೆ ಮುಗಿಯುತ್ತದೆ. ಈಗ ಸರ್ವರಿನ ಕಡೆ ನೋಡಿ. ಎಂಜಿನ್‌ಎಕ್ಸ್ ಸರ್ವರು, ಸೆಟ್ಟಿಂಗ್ ಮುಟ್ಟದಿದ್ದರೆ, 1 ಎಂಬಿ ಮೀರಿದ್ದನ್ನು ಬಾಗಿಲಲ್ಲೇ ತಿರುಗಿಸುತ್ತದೆ. ಅದನ್ನು ಸಡಿಲಿಸಿದರೆ ಹಿಂದೆ ಅರ್ಜಿಯನ್ನು ಓದಿಕೊಳ್ಳುವ ಪಿಎಚ್‌ಪಿ ಕೂತಿದೆ: ಒಂದು ಫೈಲಿಗೆ 2 ಎಂಬಿ, ಇಡೀ ಅರ್ಜಿಗೆ 8 ಎಂಬಿ. ಫೈಲಿನ ಮಿತಿಯೊಂದನ್ನೇ ಏರಿಸಿ ಇಡೀ ಅರ್ಜಿಯದನ್ನು ಮರೆತರೆ ವಿಚಿತ್ರ ಫಜೀತಿ. ತಲಾ 3 ಎಂಬಿಯ ಮೂರು ಚಿತ್ರ ಸೇರಿ 9 ಆಯಿತೆಂದರೆ ಪಿಎಚ್‌ಪಿ ಫೋಟೊ ಅಷ್ಟೇ ಅಲ್ಲ, ಹೆಸರು, ವಿಳಾಸ ಎಲ್ಲವನ್ನೂ ಖಾಲಿ ಮಾಡಿ ಒಳಗೆ ಕೊಡುತ್ತದೆ. ಎಲ್ಲವನ್ನೂ ಬರೆದ ಹುಡುಗಿಗೆ 'ಹೆಸರು ಕಡ್ಡಾಯ' ಎಂಬ ಉತ್ತರ ಬರುತ್ತದೆ. ಮತ್ತೆ ತುಂಬುತ್ತಾಳೆ, ಮತ್ತೆ ಅದೇ. ಮಿತಿಗಳನ್ನು ಒಂದಕ್ಕೊಂದು ಹೊಂದಿಸುವುದು ಅರ್ಧ ಮದ್ದು. ಚಿತ್ರವನ್ನು ಬ್ರೌಸರಿನೊಳಗೆ ಚಿತ್ರ ಬಿಡಿಸುವ ಸೌಲಭ್ಯವಾದ ಕ್ಯಾನ್ವಾಸಿನಲ್ಲೇ ಕುಗ್ಗಿಸಿ ಕಳಿಸುವುದು ಪೂರ್ತಿ ಮದ್ದು. ಜಾತಿ-ಆದಾಯ ಪ್ರಮಾಣಪತ್ರದ ಆರ್‌ಡಿ ನಂಬರು ಓದಲು ಬರುವಂತೆ ಉದ್ದನೆಯ ಬದಿ 1600 ಪಿಕ್ಸೆಲ್ ಇಟ್ಟುಕೊಳ್ಳಿ.

ಆ ಪ್ರಮಾಣಪತ್ರ ಹುಡುಕಲು ಎದ್ದುಹೋದರೆ ಇನ್ನೊಂದು ಪೆಟ್ಟು. ಲಾಗಿನ್ ಆದವರನ್ನು ನೆನಪಿಟ್ಟುಕೊಳ್ಳುವ ಪಿಎಚ್‌ಪಿಯ ಸೆಷನ್ ಮೂಲ ಸೆಟ್ಟಿಂಗಿನಲ್ಲಿ 1440 ಸೆಕೆಂಡು, ಅಂದರೆ 24 ನಿಮಿಷ. ಆಮೇಲೆ ಬಂದು ಒತ್ತಿದರೆ ಲಾಗಿನ್ ಪುಟ ಎದುರಾಗುತ್ತದೆ, ಬರೆದದ್ದೆಲ್ಲ ಹೋಗಿರುತ್ತದೆ. ಪ್ರತಿ ಚೌಕ ತುಂಬಿದಂತೆ ಕರಡನ್ನು ಸರ್ವರಿನಲ್ಲಿ ಉಳಿಸಬೇಕು. ಬ್ರೌಸರಿನಲ್ಲಿ ಉಳಿಸುವುದು ಸುಲಭವೇನೋ ಹೌದು, ಆದರೆ ಸೈಬರ್ ಅಂಗಡಿಯಲ್ಲಿ ಒಬ್ಬರ ವಿವರ ಮುಂದಿನವರಿಗೆ ಕಾಣುತ್ತದೆ. ಸೈಬರಿನವರು ತಮ್ಮದೇ ಮೊಬೈಲ್ ನಂಬರು ಹತ್ತಾರು ಅರ್ಜಿಗೆ ಹಾಕುವುದೂ ಉಂಟು. ಒಂದು ನಂಬರಿಗೆ ಒಂದೇ ಅರ್ಜಿ ಎಂಬ ನಿಯಮ ಆಗ ಎರಡನೆಯವರನ್ನು ಹೊರಗೇ ನಿಲ್ಲಿಸುತ್ತದೆ.

ಅಣ್ಣಿಗೇರಿ ದಾಟಿ ಗದಗಿನ ಕಡೆ ಹೋಗುವ ಬಸ್ಸಿನಲ್ಲಿ ಕೂತು 'ಸಲ್ಲಿಸಿ' ಒತ್ತಿದಾಗ ಸಿಗ್ನಲ್ ಹೋಯಿತೆನ್ನಿ. ಅರ್ಜಿ ಸರ್ವರಿಗೆ ಮುಟ್ಟಿದೆ, ಉತ್ತರ ವಾಪಸು ಬಂದಿಲ್ಲ. ಯಾರಾದರೂ ಮತ್ತೊಮ್ಮೆ ಒತ್ತುತ್ತಾರೆ, ಎರಡು ಅರ್ಜಿ ಆಗುತ್ತವೆ. ಫಾರ್ಮು ತೆರೆದಾಗಲೇ ಅದಕ್ಕೊಂದು ಗುಪ್ತ ಸಂಖ್ಯೆ ಕೊಟ್ಟು, ಡೇಟಾಬೇಸಿನಲ್ಲಿ ಆ ಸಂಖ್ಯೆ ಎರಡು ಸಲ ಬರದಂತೆ ಕಟ್ಟಿದರೆ, ಎರಡನೆಯ ಸಲ ಒತ್ತಿದಾಗ ಹಳೆಯ ಸ್ವೀಕೃತಿ ಸಂಖ್ಯೆಯೇ ಬರುತ್ತದೆ. ಶಿಕ್ಕಾ ಒತ್ತಿದ ಚೀಟಿಯ ಬದಲಿಗೆ ಇರುವುದು ಅದೊಂದೇ, ಹಾಗಾಗಿ ಅದನ್ನು ಎಸ್‌ಎಂಎಸ್ ಮಾಡಿ.

ಇಷ್ಟಾದ ಮೇಲೂ ಆಫೀಸಿನವರು ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಕೇಳುತ್ತಾರೆ. ಎಕ್ಸೆಲ್ ಒಂದು ಸಂಖ್ಯೆಯಲ್ಲಿ 15 ಅಂಕಿಗಳನ್ನಷ್ಟೇ ಉಳಿಸಿಕೊಳ್ಳುತ್ತದೆ. 16 ಅಂಕಿಯ ಬ್ಯಾಂಕ್ ಖಾತೆ ಸಂಖ್ಯೆಯ ಕೊನೆಯ ಅಂಕಿ ಸದ್ದಿಲ್ಲದೆ ಸೊನ್ನೆಯಾಗುತ್ತದೆ. ಮೊದಲಿಗೇ ಸೊನ್ನೆ ಇದ್ದರೆ ಅದೂ ಉದುರುತ್ತದೆ. ಒಮ್ಮೆ ಸೇವ್ ಮಾಡಿದರೆ ವಾಪಸು ಬರುವುದಿಲ್ಲ. ಸಾದಾ ಪಠ್ಯದ ಸಿಎಸ್‌ವಿ ಫೈಲು ಕೊಡುವುದು ಬಿಟ್ಟು, ಖಾತೆಯ ಕಂಬಕ್ಕೆ ಪಠ್ಯ ಎಂದು ಗುರುತು ಹಾಕಿದ ಎಕ್ಸೆಲ್ ಫೈಲನ್ನೇ ತಯಾರಿಸಿ ಕೊಡಿ. ಸಿಎಸ್‌ವಿಯೇ ಬೇಕೆಂದರೆ ಫೈಲಿನ ಮೊದಲಲ್ಲಿ ಇದು ಯುಟಿಎಫ್-8 ಎಂದು ಎಕ್ಸೆಲ್‌ಗೆ ತಿಳಿಸುವ ಬಿಒಎಂ ಎಂಬ 3 ಬೈಟಿನ ಗುರುತು ಇಡಿ. ಅದಿಲ್ಲದಿದ್ದರೆ ನೇರವಾಗಿ ತೆರೆದಾಗ ಕನ್ನಡದ ಹೆಸರುಗಳೆಲ್ಲ ಚಿತ್ರವಿಚಿತ್ರ ಚಿಹ್ನೆಗಳಾಗಿ ಕಂಡು, ಮಧ್ಯಾಹ್ನದೊಳಗೆ ಆಫೀಸಿನಿಂದ ಫೋನ್ ಬರುತ್ತದೆ.